ಪೊರೆ ಆಪರೇಷನ್: ಸೀಳು ಎಷ್ಟು ಚಿಕ್ಕದು ಅನ್ನೋದೊಂದೇ ಲೆಕ್ಕ ಅಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಕಣ್ಣಿನ ಪೊರೆ ಆಪರೇಷನ್ ಬಗ್ಗೆ ಬಂದಿದ್ದ ಲೇಖನ ಓದಿ ನಮ್ಮಕ್ಕ ರಾತ್ರಿ ಫೋನ್ ಮಾಡಿದ್ಲು. ಅವಳ ಬಲಗಣ್ಣಿನ ಆಪರೇಷನ್ ಆಗಿ ಒಂದೂವರೆ ತಿಂಗಳಾಯ್ತು, ದೂರದ್ದು ಚೆನ್ನಾಗಿ ಕಾಣತ್ತೆ, ಓದೋ ಕನ್ನಡಕ ಹಾಕ್ಕೊಂಡು ಪೇಪರ್ ಪೂರ್ತಿ ಓದ್ತಾಳೆ, ನೋವಿಲ್ಲ ನೀರು ಬರೋದಿಲ್ಲ ಏನಿಲ್ಲ. ಆದ್ರೂ ಫೋನಲ್ಲಿ ಅಳ್ತಾ ಇದ್ಲು. "ಇಲ್ಲಿ 2 ಮಿಲಿಮೀಟರ್ ಅಂತ ಬರ್ದಿದಾರೆ ಕಣೇ, ನನಗೆ ಆರೂವರೆ ಸೀಳಿದಾರೆ, ವಯಸ್ಸಾದೋಳು ಅಂತ ಹಳೇ ಥರದ್ದು ಮಾಡಿ ಕಳಿಸಿಬಿಟ್ರಾ" ಅಂತ ಕೇಳಿದ್ಲು. ಅವಳನ್ನ ಸಮಾಧಾನ ಮಾಡೋಕೆ ನನಗೆ ಒಂದು ಗಂಟೆ ಬೇಕಾಯ್ತು, ಅವಳ ಥರ ಇನ್ನೆಷ್ಟು ಜನ ಆ ಪುಟ ಓದಿ ರಾತ್ರಿಯೆಲ್ಲಾ ಕೊರಗಿದಾರೋ ಅಂತ ಅನ್ಸಿ ಈ ಪತ್ರ ಬರೀತಿದೀನಿ, ಉದ್ದ ಆದ್ರೆ ಬೇಜಾರು ಮಾಡ್ಕೋಬೇಡಿ.

ನಾನು ಡಾಕ್ಟರ್ ಅಲ್ಲ. ಕಣ್ಣಿನ ಆಪರೇಷನ್ ಥಿಯೇಟರಲ್ಲಿ 28 ವರ್ಷ ನರ್ಸ್ ಆಗಿದ್ದೆ, ಸರ್ಜನ್ ಪಕ್ಕ ನಿಂತು ಕೇಳಿದ ಬ್ಲೇಡ್ ಕೈಗಿಡೋದು, ಮೈಕ್ರೋಸ್ಕೋಪಿನ ಇನ್ನೊಂದು ಕಣ್ಣಲ್ಲಿ ನೋಡ್ತಾ ನೀರು ಬಿಡೋದು, ಮಾರನೇ ದಿನ ಪಟ್ಟಿ ಬಿಚ್ಚೋದು ಇದೇ ನನ್ನ ಕೆಲಸ. ಸೀಳು ಹೇಗೆ ಹಾಕಿದ್ರು ಅನ್ನೋದಕ್ಕೂ ಮಾರನೇ ದಿನ ಪಟ್ಟಿ ಬಿಚ್ಚಿದಾಗ ಆ ಕಣ್ಣು ಹೇಗಿರತ್ತೆ ಅನ್ನೋದಕ್ಕೂ ಇರೋ ಸಂಬಂಧ ನಾನು ಸಾವಿರಾರು ಸಲ ನೋಡಿದೀನಿ.

ನಿಮ್ಮ ಲೇಖನದಲ್ಲಿ ಸೀಳು ಚಿಕ್ಕದಾದಷ್ಟೂ ಆಪರೇಷನ್ ಒಳ್ಳೇದು, ದೊಡ್ಡದು ಅಂದ್ರೆ ಹಿಂದುಳಿದದ್ದು ಅನ್ನೋ ಹಾಗೆ ಇತ್ತು. ಅರ್ಧ ನಿಜ ಅದು. ಚಿಕ್ಕ ಸೀಳಿಗೆ ಅನುಕೂಲ ಇದೆ, ಖಂಡಿತ ಇದೆ, ಅದಕ್ಕೋಸ್ಕರ ಇನ್ನೂರು ಮುನ್ನೂರು ವರ್ಷ ಡಾಕ್ಟರುಗಳು ಒದ್ದಾಡಿದಾರೆ. 1747ರಲ್ಲಿ ಫ್ರಾನ್ಸಿನ ಜಾಕ್ ಡೇವಿಯಲ್ ಅನ್ನೋ ಸರ್ಜನ್ ಪೊರೆನ ಸೂಜಿಯಿಂದ ಕಣ್ಣೊಳಗೇ ಹಿಂದಕ್ಕೆ ದಬ್ಬೋ ಬದಲು ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಕೆಳಭಾಗದಲ್ಲಿ ಅರ್ಧ ಸುತ್ತಿಗೂ ಮೀರಿ ಸೀಳಿ ಪೊರೆ ಹೊರಗೆ ತೆಗೆದ್ರು, ಆಗ ಹೊಲಿಗೆನೂ ಇಲ್ಲ ಅರಿವಳಿಕೆನೂ ಇಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೂಡ ವಯಸ್ಸಾದ ಕೆಲವು ಡಾಕ್ಟರುಗಳು ಪೊರೆಗಟ್ಟಿದ ಲೆನ್ಸನ್ನ ಅದರ ಚೀಲದ ಸಮೇತ ತಣ್ಣನೆ ಕಡ್ಡಿಗೆ ಅಂಟಿಸಿ ಎಳೆದು ತೆಗೀತಿದ್ರು, ಅದಕ್ಕೆ 12ರಿಂದ 14 ಮಿಲಿಮೀಟರ್ ಸೀಳು ಬೇಕಿತ್ತು, ಅಂದ್ರೆ ಕಪ್ಪುಗುಡ್ಡೆಯ ಮೇಲಿನ ಅರ್ಧ ಚಂದ್ರ ಪೂರ್ತಿ ತೆರೆದಿರೋದು. ಆಮೇಲೆ ದಪ್ಪ ಸೋಡಾಬುಡ್ಡಿ ಕನ್ನಡಕ ಜೀವಮಾನ ಪೂರ್ತಿ. ಅದಾದ ಮೇಲೆ ಚೀಲ ಉಳಿಸಿ ಒಳಗಿನ ಗಟ್ಟಿ ಬೀಜ ಮಾತ್ರ ತೆಗೆಯೋ ಕ್ರಮ ಬಂತು, ಸೀಳು 10ರಿಂದ 12 ಮಿಲಿಮೀಟರಿಗೆ ಇಳೀತು, ಉಳಿದ ಚೀಲದಲ್ಲಿ ಪ್ಲಾಸ್ಟಿಕ್ ಲೆನ್ಸ್ ಕೂರಿಸೋಕೆ ಜಾಗ ಸಿಕ್ತು. ಆದ್ರೆ ಹೊಲಿಗೆ ತಪ್ಪಲಿಲ್ಲ. ತಲೆಕೂದಲಿಗಿಂತ ಸಣ್ಣ ನೈಲಾನ್ ದಾರದಲ್ಲಿ ಐದೋ ಏಳೋ ಹೊಲಿಗೆ, ಒಂದು ಹೊಲಿಗೆ ಸ್ವಲ್ಪ ಬಿಗಿಯಾದ್ರೆ ಕಾರ್ನಿಯಾ ಆ ದಿಕ್ಕಲ್ಲಿ ಉಬ್ಬಿ ನಿಲ್ಲೋದು, ಸಡಿಲ ಆದ್ರೆ ಚಪ್ಪಟೆ ಆಗೋದು, ರೋಗಿಗೆ ಎದುರಿಗಿರೋ ಕಂಬ ನೆರಳಿನ ಥರ ಎರಡೆರಡು ಕಾಣೋದು. ಆರೆಂಟು ವಾರ ಆದ್ಮೇಲೆ ಹೊಲಿಗೆ ಬಿಚ್ಚಿದ್ರೆ ಕನ್ನಡಕದ ನಂಬರ್ ಮತ್ತೆ ಬದಲು. ಹೊಲಿಗೆ ಹಾಕೋಕೆ ಹಿಡಿಯೋ ಟೈಮು ಒಂದೊಂದು ಸಲ ಪೊರೆ ತೆಗೆಯೋ ಟೈಮಿಗಿಂತ ಜಾಸ್ತಿ ಇರ್ತಿತ್ತು.

1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಹಲ್ಲಿನ ಡಾಕ್ಟರ್ ಉಪಯೋಗಿಸೋ ಅಲ್ಟ್ರಾಸೌಂಡ್ ಕಡ್ಡಿ ನೋಡಿ ಹೊಳೆದ ಯೋಚನೆಯಿಂದ ಶುರು ಮಾಡಿದ್ದೇ ಫೇಕೋ. ಪೊರೆನ ಕಣ್ಣೊಳಗೇ ಪುಡಿ ಮಾಡಿ ಹೀರ್ಕೊಳ್ಳೋದು, ಸೀಳು 3 ಮಿಲಿಮೀಟರ್ ಸಾಕು. ಆದ್ರೆ ಆವತ್ತಿನ ಲೆನ್ಸ್ ಮಡಚೋಕೆ ಬರ್ತಿರಲಿಲ್ಲ, ಅದನ್ನ ಹಾಕೋಕೆ ಅದೇ ಸೀಳನ್ನ ಮತ್ತೆ 6 ಮಿಲಿಮೀಟರಿಗೆ ಹಿಗ್ಗಿಸಬೇಕಿತ್ತು. 1980ರ ದಶಕದಲ್ಲಿ ಮಡಚೋ ಲೆನ್ಸ್ ಬಂದ್ಮೇಲೇನೇ ಚಿಕ್ಕ ಸೀಳಿಗೆ ಅರ್ಥ ಬಂದಿದ್ದು. ಇವತ್ತು ಸಾಮಾನ್ಯವಾಗಿ 2.2ರಿಂದ 2.8.

ಇಲ್ಲಿವರೆಗೆ ನಿಮ್ಮ ಲೇಖನದ ಮಾತೇ. ಅಕ್ಕನಿಗೆ ಮಾಡಿದ ಆಪರೇಷನ್ ಯಾವುದು, ಅದು ಈ ಕಥೆಯಲ್ಲಿ ಎಲ್ಲಿ ಬರತ್ತೆ ಅನ್ನೋದನ್ನ ಒಂದೇ ಸಾಲಲ್ಲಿ ಹಾರಿಸಿಬಿಟ್ಟಿದೀರಿ, ನನಗೆ ಹೊಟ್ಟೆ ಉರಿದಿದ್ದು ಅಲ್ಲೇ.

ಅದರ ಹೆಸರು ಸ್ಮಾಲ್ ಇನ್ಸಿಷನ್ ಕ್ಯಾಟರಾಕ್ಟ್ ಸರ್ಜರಿ (ಚಿಕ್ಕ ಸೀಳಿನ ಪೊರೆ ಆಪರೇಷನ್), ಚಿಕ್ಕದಾಗಿ ಎಸ್‌ಐಸಿಎಸ್. ಕಣ್ಣಿನ ಬಿಳಿ ಭಾಗದಲ್ಲಿ, ಕಪ್ಪುಗುಡ್ಡೆ ಅಂಚಿಂದ ಒಂದೂವರೆ ಎರಡು ಮಿಲಿಮೀಟರ್ ಹಿಂದೆ, ಬಿಳಿಪದರದ ಅರ್ಧ ದಪ್ಪದಷ್ಟು ಮಾತ್ರ ಆಳಕ್ಕೆ ಒಂದು ಗೀರು ಹಾಕ್ತಾರೆ. ಉದ್ದ 6ರಿಂದ 7 ಮಿಲಿಮೀಟರ್. ಆಮೇಲೆ ಕ್ರೆಸೆಂಟ್ ಅಂತ ಅರ್ಧಚಂದ್ರದ ಬ್ಲೇಡ್ ಇದೆ, ಅದನ್ನ ಮಲಗಿಸಿ ಪದರದ ಒಳಗೊಳಗೇ ಅಲ್ಲಾಡಿಸ್ತಾ ಮುಂದಕ್ಕೆ ಒಯ್ಯಬೇಕು, ಬಿಳಿಭಾಗ ದಾಟಿ ಪಾರದರ್ಶಕ ಕಾರ್ನಿಯಾದೊಳಗೆ ಒಂದು ಒಂದೂವರೆ ಮಿಲಿಮೀಟರ್ ಹೋಗೋವರೆಗೂ, ಆಗಲೂ ಕಣ್ಣೊಳಗೆ ತೂತಾಗಿರಲ್ಲ. ಬ್ಲೇಡ್ ತುದಿ ಪದರದ ಮೂಲಕ ಮಸುಕಾಗಿ ಕಾಣ್ತಿರಬೇಕು, ತುಂಬ ಸ್ಪಷ್ಟ ಕಂಡ್ರೆ ಮೇಲ್ಪದರ ತೆಳ್ಳಗಾಗಿ ಹರಿಯತ್ತೆ, ಕಾಣದೇ ಹೋದ್ರೆ ಆಳಕ್ಕೆ ಹೋಗಿ ಬೇಗ ಒಳಗೆ ನುಗ್ಗಿಬಿಡತ್ತೆ, ಆಗ ಐರಿಸ್ (ಪಾಪೆ ಸುತ್ತಲಿನ ಬಣ್ಣದ ಪರದೆ) ಹೊರಗೆ ಹೊಮ್ಮತ್ತೆ. ಕೊನೆಗೆ ಕೆರಟೋಮ್ ಅನ್ನೋ ಚೂಪು ಬ್ಲೇಡಲ್ಲಿ ಒಳಗಿನ ಬಾಯಿ ತೆರೀತಾರೆ, ಒಳಬಾಯಿ ಹೊರಬಾಯಿಗಿಂತ ಅಗಲ. ಹೊರಗೆ ಆರೂವರೆ ಇದ್ರೆ ಒಳಗೆ ಎಂಟೋ ಒಂಬತ್ತೋ. ಇಡೀ ಬೀಜ ಆ ಅಗಲ ಬಾಯಿಗೆ ಬಂದು ಸಿಕ್ಕಿ, ಪದರದೊಳಗೆ ಹೀಗೆ ಕೊರೆದ ಸುರಂಗದ, ಅಂದ್ರೆ ಟನಲಿನ ಮೂಲಕ ಜಾರಿ ಹೊರಗೆ ಬರತ್ತೆ.

ಈಗ ಇದರಲ್ಲಿ ಇರೋ ಚಂದ ಕೇಳಿ. ಆಪರೇಷನ್ ಮುಗಿಸಿ ಕಣ್ಣಿಗೆ ನೀರು ತುಂಬಿಸಿದಾಗ ಒಳಗಿನ ಒತ್ತಡ ಟನಲಿನ ಒಳತುಟಿಯನ್ನ ಮೇಲ್ತುಟಿಗೆ ಒತ್ತಿ ಹಿಡಿಯತ್ತೆ. ಸೈಕಲ್ ಟ್ಯೂಬಿನ ವಾಲ್ವ್ ಹೇಗೋ ಹಾಗೆ, ಒಳಗಿಂದ ಒತ್ತಿದಷ್ಟೂ ಬಿಗಿ. ಒಂದೂ ಹೊಲಿಗೆ ಬೇಡ. ಹೊರಗಿನ ಗೀರು ಆರೂವರೆ ಮಿಲಿಮೀಟರ್ ಇದ್ರೂ ಅದರ ಮೇಲೆ ಬಿಳಿಭಾಗದ ಮೇಲಿರೋ ತೆಳು ಹೊದಿಕೆ ಮತ್ತೆ ಕೂತ್ಕೊಳತ್ತೆ. ಸರಿಯಾಗಿ ಕಟ್ಟಿದ ಟನಲ್ ಮಾರನೇ ದಿನ ಎಷ್ಟು ಗಟ್ಟಿಯಾಗಿರತ್ತೆ ಅಂದ್ರೆ ಎಷ್ಟೋ ಕಣ್ಣಲ್ಲಿ ನನಗೆ ಅದು ಎಲ್ಲಿದೆ ಅಂತ ಹುಡುಕಬೇಕಾಗ್ತಿತ್ತು. ಹೀಗಿರುವಾಗ ಬರೀ ಉದ್ದ ಅಳೆದು ಇದು ದೊಡ್ಡ ಗಾಯ ಅದು ಚಿಕ್ಕ ಗಾಯ ಅಂದ್ರೆ ಹೇಗೆ?

ಸೀಳಿನ ಆಕಾರದ ವಿಷಯ ನಿಮ್ಮ ಲೇಖನದಲ್ಲಿ ಇರಲೇ ಇಲ್ಲ. ಸೀಳು ಹಾಕಿದ ದಿಕ್ಕಲ್ಲಿ ಕಾರ್ನಿಯಾ ಸ್ವಲ್ಪ ಚಪ್ಪಟೆ ಆಗತ್ತೆ, ಅದಕ್ಕೆ ಅಡ್ಡ ದಿಕ್ಕಲ್ಲಿ ಸ್ವಲ್ಪ ಕಡಿದಾಗತ್ತೆ, ಹೀಗೆ ಹುಟ್ಟೋ ಸೊಟ್ಟ ನಂಬರನ್ನೇ ಸಿಲಿಂಡರ್ ಪವರ್ ಅನ್ನೋದು. ಈ ಪರಿಣಾಮ ಸೀಳಿನ ಉದ್ದದ ಘನದ ಲೆಕ್ಕದಲ್ಲಿ ಏರತ್ತೆ, ಅಂದ್ರೆ ಉದ್ದ ಎರಡು ಪಟ್ಟಾದ್ರೆ ಪರಿಣಾಮ ಎಂಟು ಪಟ್ಟು ಅನ್ನೋ ಹಾಗೆ, ಮತ್ತೆ ಕಾರ್ನಿಯಾ ಅಂಚಿಂದ ದೂರ ಹೋದಷ್ಟೂ ಕಡಿಮೆ ಆಗತ್ತೆ. ಚಿಕ್ಕ ಸೀಳಿನ ಪರವಾಗಿರೋ ದೊಡ್ಡ ವಾದ ಇದೇ, ಇದನ್ನ ನಾನು ಒಪ್ತೀನಿ. ಆದ್ರೆ ಇದೇ ಲೆಕ್ಕದ ಎರಡನೇ ಅರ್ಧ ಹಿಡ್ಕೊಂಡು 1990ರ ಆಸುಪಾಸಲ್ಲಿ ಸರ್ಜನ್‌ಗಳು ಆಕಾರ ಬದಲಾಯಿಸಿದ್ರು. ಕಾರ್ನಿಯಾ ಅಂಚಿನ ಜೊತೆಗೇ ಬಾಗೋ ನಗುಬಾಯಿ ಸೀಳು ಹಾಕಿದ್ರೆ ಅದರ ಎರಡೂ ತುದಿ ಅಂಚಿನ ಹತ್ರಾನೇ ಇರತ್ತೆ, ಕೆಳಗಿನ ತುಟಿ ಜೋಲತ್ತೆ. ಅದೇ ಗೀರನ್ನ ತಿರುಗಿಸಿ ಮುನಿದ ಬಾಯಿ ಥರ ಹಾಕಿದ್ರೆ ತುದಿಗಳು ಅಂಚಿಂದ ದೂರ ಓಡ್ತವೆ, ಸಿಲಿಂಡರ್ ತುಂಬ ಕಡಿಮೆ. ಅದಕ್ಕೆ ಫ್ರೌನ್ ಇನ್ಸಿಷನ್ ಅಂತಾನೇ ಹೆಸರು. ತಲೆಕೆಳಗಾದ ವಿ ಆಕಾರದ್ದೂ ಇದೆ, ನೇರ ಗೀರೂ ಇದೆ. ಉದ್ದ ಅಷ್ಟೇ, ಆಕಾರ ಬೇರೆ, ಆರು ತಿಂಗಳಾದ ಮೇಲೆ ಕನ್ನಡಕದ ನಂಬರೂ ಬೇರೆ. ಒಬ್ಬ ರೋಗಿಗಾದ್ರೂ ಇದನ್ನ ಯಾರಾದ್ರೂ ಹೇಳಿದಾರಾ?

ಜಾಗನೂ ಅಷ್ಟೇ ಮುಖ್ಯ. ಮೇಲ್ಗಡೆ ಹಾಕಿದ್ರೆ ರೆಪ್ಪೆ ಮುಚ್ಚಿ ಕಾಪಾಡತ್ತೆ, ಆದ್ರೆ ಅದೇ ರೆಪ್ಪೆ ಒತ್ತೂ ಹಾಕತ್ತೆ. ಕಿವಿ ಕಡೆ ಪಕ್ಕಕ್ಕೆ ಹಾಕಿದ್ರೆ ಪಾಪೆಯಿಂದ ದೂರ, ಯಾಕಂದ್ರೆ ಕಾರ್ನಿಯಾ ಅಡ್ಡಕ್ಕೆ ಅಗಲ ಜಾಸ್ತಿ, ಹಾಗಾಗಿ ಸಿಲಿಂಡರ್ ಕಡಿಮೆ. ಅಷ್ಟೇ ಅಲ್ಲದೆ ವಯಸ್ಸಾಗ್ತಾ ಬಂದಂತೆ ಬಹಳ ಜನರ ಕಾರ್ನಿಯಾ ಅಡ್ಡ ದಿಕ್ಕಲ್ಲಿ ಕಡಿದಾಗ್ತಾ ಹೋಗತ್ತೆ, ಅಂಥವರಿಗೆ ಪಕ್ಕದ ಸೀಳು ಅದನ್ನೇ ಸ್ವಲ್ಪ ಚಪ್ಪಟೆ ಮಾಡಿ ಉಪಕಾರ ಮಾಡತ್ತೆ, ಮೇಲಿನ ಸೀಳು ಇದ್ದದ್ದನ್ನ ಇನ್ನೂ ಕೆಡಿಸತ್ತೆ. ಅಕ್ಕನ ಆಪರೇಷನ್ ಮುಂಚಿನ ರಿಪೋರ್ಟ್ ತರಿಸ್ಕೊಂಡು ನೋಡಿದೆ, ಅಡ್ಡ ದಿಕ್ಕಲ್ಲಿ ಒಂದೂವರೆ ಸಿಲಿಂಡರ್ ಇತ್ತು, ಆ ಡಾಕ್ಟರ್ ಅದನ್ನ ನೋಡಿ ಟನಲನ್ನ ಪಕ್ಕದಲ್ಲಿ ಮಾಡಿದಾರೆ. ಈಗ ಅರ್ಧಕ್ಕೆ ಬಂದಿದೆ. ಆಲಸ್ಯಕ್ಕೆ ಹಳೇದು ಮಾಡಿ ಕಳಿಸಿದೋರ ಕೆಲಸ ಅಲ್ಲ ಅದು.

ಇನ್ನು ಫೇಕೋದಲ್ಲಿ ಈಗ ಜಾಸ್ತಿ ಹಾಕೋದು ಕ್ಲಿಯರ್ ಕಾರ್ನಿಯಲ್ ಸೀಳು, ಕಾರ್ನಿಯಾದ ಅಂಚಲ್ಲೇ ನೇರವಾಗಿ. ರಕ್ತ ಒಂದು ಹನಿ ಬರಲ್ಲ, ಕಣ್ಣು ಕೆಂಪಾಗಲ್ಲ, ಡ್ರಾಪ್ಸ್ ಹಾಕಿ ಮರಗಟ್ಟಿಸಿದ್ರೆ ಸಾಕು ಇಂಜೆಕ್ಷನ್ ಬೇಡ. ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರಿಗೆ ಇದು ವರ. ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನ ಒಳಒತ್ತಡ ಏರಿ ನರ ಕೆಡಿಸೋ ಕಾಯಿಲೆ) ಇದ್ದು ಮುಂದೆ ಅದರ ಆಪರೇಷನ್ ಬೇಕಾಗಬಹುದು ಅನ್ನೋರಿಗೂ ಇದೇ ಸರಿ, ಬಿಳಿಭಾಗದ ಮೇಲಿನ ಹೊದಿಕೆ ಮುಟ್ಟದೇ ಉಳಿಯತ್ತೆ. ಆದ್ರೆ ಕಾರ್ನಿಯಾದಲ್ಲಿ ರಕ್ತನಾಳ ಇಲ್ಲ, ಗಾಯ ಮಾಗೋದು ನಿಧಾನ, ಮೇಲೆ ಮುಚ್ಕೊಳ್ಳೋಕೆ ಹೊದಿಕೆನೂ ಇಲ್ಲ. ಟನಲ್ ಗಿಡ್ಡ ಆಗಿಬಿಟ್ರೆ, ಅಥವಾ ರೋಗಿ ಕಣ್ಣು ಉಜ್ಜಿ ಒಳಗಿನ ಒತ್ತಡ ಒಂದು ಕ್ಷಣ ಇಳಿದ್ರೆ, ಆ ತುಟಿ ಸ್ವಲ್ಪ ಬಿಟ್ಕೊಂಡು ಹೊರಗಿನ ನೀರು ಒಳಗೆ ಹೋಗಬಹುದು. ಯುರೋಪಿನಲ್ಲಿ 16 ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2007ರಲ್ಲಿ ಪೂರ್ತಿ ವರದಿ ಬಂದ ಅಧ್ಯಯನದಲ್ಲಿ ಕ್ಲಿಯರ್ ಕಾರ್ನಿಯಲ್ ಸೀಳು ಹಾಕಿದೋರಲ್ಲಿ ಕಣ್ಣೊಳಗೆ ಕೀವಾಗೋ ಅಪಾಯ ಬಿಳಿಭಾಗದ ಟನಲಿಗಿಂತ ಹೆಚ್ಚುಕಡಿಮೆ ಆರು ಪಟ್ಟು ಕಂಡಿತ್ತು. ಅದೇ ಅಧ್ಯಯನದಲ್ಲೇ ಆಪರೇಷನ್ ಕೊನೆಗೆ ಕಣ್ಣೊಳಗೆ ಸೆಫುರಾಕ್ಸಿಮ್ ಆಂಟಿಬಯೋಟಿಕ್ ಹಾಕಿದ್ರೆ ಆ ಅಪಾಯ ಸುಮಾರು ಐದನೇ ಒಂದು ಭಾಗಕ್ಕೆ ಇಳಿಯತ್ತೆ ಅಂತಾನೂ ಗೊತ್ತಾಯ್ತು. ಹೆದರಿಸೋಕೆ ಹೇಳ್ತಿಲ್ಲ, ಕೀವಾಗೋದು ಬಲು ಅಪರೂಪ. 2 ಮಿಲಿಮೀಟರ್ ಸೀಳಾದ್ರೂ ಅದನ್ನ ಸರಿಯಾಗಿ ಕಟ್ಟಬೇಕು, ಅಗಲಕ್ಕೆ ತಕ್ಕ ಉದ್ದ ಟನಲ್ ಇರಬೇಕು, ಕೊನೆಗೆ ಅಂಚಿಗೆ ನೀರು ಚುಚ್ಚಿ ಉಬ್ಬಿಸಿ, ಒಣ ಸ್ಪಂಜ್ ಇಟ್ಟು ಸೋರ್ತಿದೆಯಾ ಅಂತ ನೋಡಬೇಕು, ಸೋರಿದ್ರೆ ಅಹಂಕಾರ ಬಿಟ್ಟು ಒಂದು ಹೊಲಿಗೆ ಹಾಕಬೇಕು ಅಂತ ಹೇಳ್ತಿರೋದು. ಹೊಲಿಗೆ ಹಾಕಿದ್ರೆ ಎಲ್ಲಿ ರೋಗಿ ಬೇಜಾರು ಮಾಡ್ಕೊಳ್ತಾನೋ ಅಂತ ಹಿಂಜರಿಯೋ ಡಾಕ್ಟರನ್ನೂ ನಾನು ಕಂಡಿದೀನಿ, ಆ ಹಿಂಜರಿಕೆಗೆ ಹೊಲಿಗೆಯಿಲ್ಲದ ಆಪರೇಷನ್ ಅಂತ ದಪ್ಪಕ್ಷರದಲ್ಲಿ ಬರೆಯೋ ಪುಟಗಳೂ ಕಾರಣ.

ಇನ್ನೊಂದು ಮಾತು, 2.2 ಅಂತ ಬ್ಲೇಡ್ ಮೇಲೆ ಬರೆದಿರತ್ತೆ, ಅದರೊಳಗೆ ಲೆನ್ಸ್ ತುರುಕಿದ ಮೇಲೆ ಸೀಳು ಅಷ್ಟೇ ಉಳಿದಿರಲ್ಲ, ಅಳೆದ್ರೆ ಸ್ವಲ್ಪ ಹಿಗ್ಗಿರತ್ತೆ. ಬಿಗಿಯಾದ ಬಾಯಿಯಲ್ಲಿ ಬಲವಂತ ಮಾಡಿ ಹಿಗ್ಗಿಸಿದ ಅಂಚಿಗಿಂತ ಮೊದಲೇ 2.6 ಅಂತ ಬ್ಲೇಡಲ್ಲಿ ಸ್ವಚ್ಛವಾಗಿ ಕೊಯ್ದ ಅಂಚು ಚೆನ್ನಾಗಿ ಕೂರತ್ತೆ.

ಪೊರೆ ಎಷ್ಟು ಬಲಿತಿದೆ ಅನ್ನೋದು ಬಿಟ್ಟು ಸೀಳಿನ ಬಗ್ಗೆ ಮಾತಾಡೋದೇ ತಪ್ಪು ಅಂತ ನನ್ನ ಅಭಿಪ್ರಾಯ. ಮೆತ್ತಗಿನ ಬೂದು ಪೊರೆ ಫೇಕೋ ಮೆಷಿನ್ನಿಗೆ ಸಲೀಸು. ಕಂದು ಬಣ್ಣಕ್ಕೆ ತಿರುಗಿದ ಕಲ್ಲಿನಂಥ ಪೊರೆ ಒಡೆಯೋಕೆ ಅಲ್ಟ್ರಾಸೌಂಡ್ ಬಹಳ ಹೊತ್ತು ಓಡಬೇಕು, ಕಡ್ಡಿ ಬಿಸಿ ಆಗತ್ತೆ, ಕಾರ್ನಿಯಾದ ಒಳಗೋಡೆಯ ಜೀವಕೋಶ ಸಾಯ್ತವೆ, ಅವು ಮತ್ತೆ ಹುಟ್ಟಲ್ಲ. ಒಂದು ಆಸ್ಪತ್ರೆಯಲ್ಲಿ ನನ್ನ ಕಣ್ಣೆದುರೇ ಆಗಿದ್ದು ಹೇಳ್ತೀನಿ, ಹೆಸರು ಬೇಡ. ಕಪ್ಪಗೆ ಬಲಿತ ಪೊರೆ, ಜೊತೆಗೆ ಬಂದಿದ್ದ ಮಗ ಚಿಕ್ಕ ಸೀಳಿಂದಲೇ ಆಗಬೇಕು ಅಂತ ಹಟ ಹಿಡಿದಿದ್ದ, ಡಾಕ್ಟರೂ ಒಪ್ಪಿದ್ರು. ಪುಡಿ ಮಾಡ್ತಾ ಮಾಡ್ತಾ ಸೀಳಿನ ಅಂಚು ಬೆಳ್ಳಗಾಗಿ ಸುಟ್ಟು ಕುಗ್ಗಿಹೋಯ್ತು, ಕೂರಿಸಿದ್ರೆ ಕೂರಲ್ಲ, ಮೂರು ಹೊಲಿಗೆ ಎಳೆದು ಹಾಕಬೇಕಾಯ್ತು, ಆ ಅಜ್ಜನಿಗೆ ತಿಂಗಳುಗಟ್ಟಲೆ ಮಂಜು ಮಂಜು. 2.8ರ ಸೀಳು ಅದು. ಅದೇ ಕಣ್ಣಿಗೆ ಆರೂವರೆ ಟನಲ್ ಮಾಡಿದ್ರೆ ಬೀಜ ಇಡಿಯಾಗಿ ಜಾರಿ ಬರ್ತಿತ್ತು ಅಂತ ನನಗೆ ಆವತ್ತೂ ಅನ್ಸಿತ್ತು, ಇವತ್ತೂ ಅನ್ಸತ್ತೆ. ಬೇರೊಬ್ಬ ಡಾಕ್ಟರ್ ಇಂಥದ್ದೇ ಪೊರೆಗೆ ಫೇಕೋ ಶುರು ಮಾಡಿ ಐದು ನಿಮಿಷದಲ್ಲೇ ನಿಲ್ಲಿಸಿ, ಸಿಸ್ಟರ್ ಕ್ರೆಸೆಂಟ್ ಕೊಡಿ ಅಂದು, ಮೊದಲಿನ ಚಿಕ್ಕ ಸೀಳಿಗೆ ಒಂದು ಹೊಲಿಗೆ ಹಾಕಿ ಮೇಲ್ಗಡೆ ಹೊಸ ಟನಲ್ ಮಾಡಿ ಮುಗಿಸಿದ್ರು. ಮಾರನೇ ದಿನ ಕಾರ್ನಿಯಾ ಗಾಜಿನ ಥರ ಇತ್ತು. ಎರಡೂ ವಿಧಾನ ಕೈಯಲ್ಲಿದ್ದ ಡಾಕ್ಟರ್ ಅವರು.

ಅಂಕಿ ಬೇಕು ಅಂದ್ರೆ ಅದೂ ಇದೆ. 2003ರಲ್ಲಿ ಪುಣೆಯಲ್ಲಿ ಹೊಲಿಗೆ ಹಾಕೋ ಹಳೇ ದೊಡ್ಡ ಸೀಳನ್ನೂ ಈ ಟನಲ್ ಸೀಳನ್ನೂ ಹೋಲಿಸಿದಾಗ ಆರು ವಾರಕ್ಕೆ ಕನ್ನಡಕ ಇಲ್ದೇ 6/18 (ಮಾಮೂಲಿ ಕಣ್ಣು 18 ಮೀಟರಿಂದ ಓದೋ ಅಕ್ಷರನ 6 ಮೀಟರಿಂದ ಓದೋದು) ಅಥವಾ ಇನ್ನೂ ಚೆನ್ನಾಗಿ ಕಂಡೋರು ಹಳೇದರಲ್ಲಿ ಶೇಕಡ 37.3, ಟನಲಲ್ಲಿ ಶೇಕಡ 47.9. ಅಂದ್ರೆ ಇವೆರಡನ್ನೂ ಒಂದೇ ಬುಟ್ಟಿಗೆ ಹಾಕಿ ಹಳೇದು ಅನ್ನೋದು ಸರಿಯಲ್ಲ. 2005ರಲ್ಲಿ ಅಲ್ಲೇ ಫೇಕೋ ಜೊತೆ ಹೋಲಿಸಿದಾಗ ಕನ್ನಡಕ ಇಲ್ದೇ ಅಷ್ಟು ಕಂಡೋರು ಫೇಕೋದಲ್ಲಿ ಶೇಕಡ 81, ಟನಲಲ್ಲಿ ಶೇಕಡ 71. ಫೇಕೋ ಮುಂದಿದೆ, ಮುಚ್ಚಿಡೋದೇನಿಲ್ಲ. ಕನ್ನಡಕ ಹಾಕಿದ ಮೇಲೆ ಎರಡೂ ಗುಂಪಲ್ಲಿ ಶೇಕಡ 98. 2007ರಲ್ಲಿ ನೇಪಾಳದಲ್ಲಿ ಕಣ್ಣಿನ ಸರ್ಜನ್ ಸಂದುಕ್ ರುಯಿತ್ ಮತ್ತೆ ಜೊತೆಗಾರರು ಬಲಿತ ಪೊರೆಯ 108 ರೋಗಿಗಳನ್ನ ಎರಡು ಗುಂಪು ಮಾಡಿ ಎರಡನ್ನೂ ಹೋಲಿಸಿ ನೋಡಿದ್ರು, ಆರು ತಿಂಗಳಿಗೆ ಕನ್ನಡಕ ಹಾಕಿ 6/18 ಅಥವಾ ಇನ್ನೂ ಚೆನ್ನಾಗಿ ಕಂಡೋರು ಎರಡರಲ್ಲೂ ಶೇಕಡ 98. ಟನಲ್ ಆಪರೇಷನ್ನಿಗೆ ಹಿಡಿದಿದ್ದು ಸರಾಸರಿ 9 ನಿಮಿಷ, ಫೇಕೋಗೆ ಹದಿನೈದೂವರೆ. ಮೊದಲ ದಿನ ಕಾರ್ನಿಯಾ ಊತ ಫೇಕೋ ಗುಂಪಲ್ಲೇ ಜಾಸ್ತಿ ಇತ್ತು.

ಲೇಸರ್ ವಿಷಯಕ್ಕೆ ಹೆಚ್ಚು ಹೇಳಲ್ಲ. 2008ರಲ್ಲಿ ಹಂಗೇರಿಯಲ್ಲಿ ಶುರುವಾಯ್ತು ಫೆಮ್ಟೋ ಲೇಸರ್, ಸೀಳನ್ನ ಕಂಪ್ಯೂಟರ್ ಲೆಕ್ಕದಲ್ಲಿ ಅಚ್ಚುಕಟ್ಟಾಗಿ ಕೊಯ್ಯತ್ತೆ, ಲೆನ್ಸಿನ ಚೀಲಕ್ಕೆ ದುಂಡಗೆ ಕಿಟಕಿ ಕೊಯ್ಯತ್ತೆ, ಬೀಜನ ಹೋಳು ಮಾಡತ್ತೆ. ಆಮೇಲೆ ಅದೇ ಫೇಕೋ ಕಡ್ಡಿ ಒಳಗೆ ಹಾಕಿ ಹೀರಲೇಬೇಕು, ಪೊರೆ ಲೇಸರಲ್ಲಿ ಕರಗಿ ಮಾಯ ಆಗಲ್ಲ. ಫ್ರಾನ್ಸಲ್ಲಿ ಮಾಡಿ 2020ರಲ್ಲಿ ಪ್ರಕಟ ಆದ ದೊಡ್ಡ ಅಧ್ಯಯನದಲ್ಲಿ ಮಾಮೂಲಿ ಫೇಕೋಗಿಂತ ಇದರಿಂದ ಜಾಸ್ತಿ ಲಾಭ ಕಾಣಲಿಲ್ಲ. ನಿಮ್ಮ ಪುಟದಲ್ಲಿ "ಕತ್ತಿ ಸೋಕದ ಆಪರೇಷನ್" ಅಂತ ತಲೆಬರಹ ಹಾಕಿದ್ದು ನೋಡಿ ಜನ ಏನಂದ್ಕೊಳ್ತಾರೆ ಯೋಚನೆ ಮಾಡಿ.

ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಬರೆಸುವಾಗ ಬಿಳಿಭಾಗದ ಟನಲ್ ಒಂದು, ಕಾರ್ನಿಯಾ ಅಂಚಿನ ಸೀಳು ಒಂದು, ಎರಡರ ಚಿತ್ರ ಪಕ್ಕಪಕ್ಕ ಹಾಕಿ, ಯಾವ ಕಣ್ಣಿಗೆ ಯಾವುದು ಯಾಕೆ ಅಂತ ಕೇಳಿ ಬರೆಸಿ. ಓದುಗರು ಡಾಕ್ಟರ ಹತ್ರ ಹೋದಾಗ ಸೀಳು ಎಷ್ಟು ಮಿಲಿಮೀಟರ್ ಅಂತ ಕೇಳೋದರ ಜೊತೆಗೆ ನನ್ನ ಪೊರೆ ಎಷ್ಟು ಗಟ್ಟಿ ಇದೆ, ನನ್ನ ಸಿಲಿಂಡರ್ ಯಾವ ದಿಕ್ಕಲ್ಲಿದೆ, ಸೀಳು ಎಲ್ಲಿ ಹಾಕ್ತೀರಿ, ನನ್ನ ಕಾರ್ನಿಯಾ ಕೋಶಗಳು ಹೇಗಿವೆ, ಮಧ್ಯದಲ್ಲಿ ಫೇಕೋ ಆಗದೇ ಹೋದ್ರೆ ಏನು ಮಾಡ್ತೀರಿ ಅಂತ ಕೇಳೋ ಹಾಗಾಗಲಿ. ಸೀಳು ಯಾವುದೇ ಇರ್ಲಿ, ಮೊದಲ ಕೆಲವು ವಾರ ಕಣ್ಣು ಉಜ್ಜಬಾರದು, ನೋವು ಜಾಸ್ತಿ ಆದ್ರೆ, ಕೆಂಪು ಏರಿದ್ರೆ, ಕಾಣ್ತಿದ್ದದ್ದು ಮಸುಕಾದ್ರೆ ಮಾರನೇ ದಿನ ನೋಡೋಣ ಅನ್ನದೇ ಆವತ್ತೇ ತೋರಿಸಬೇಕು, ಇದನ್ನ ದಯವಿಟ್ಟು ದಪ್ಪಕ್ಷರದಲ್ಲಿ ಹಾಕಿ.

ಅಕ್ಕನ ಎಡಗಣ್ಣಿಗೆ ಮುಂದಿನ ತಿಂಗಳು ಡೇಟ್ ಕೊಟ್ಟಿದಾರೆ. ಅದೇ ಡಾಕ್ಟರು. ಆ ಕಣ್ಣಿನ ಪೊರೆ ಇನ್ನೂ ಮೆತ್ತಗಿದೆ, ಸಿಲಿಂಡರ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಅದಕ್ಕೆ ಫೇಕೋ ಮಾಡ್ತೀನಿ, 2.8 ಸೀಳು ಸಾಕು ಅಂದಿದಾರಂತೆ. ಬಲಗಣ್ಣಿಗೆ ಯಾಕೆ ಹಾಗೆ, ಎಡಗಣ್ಣಿಗೆ ಯಾಕೆ ಹೀಗೆ ಅಂತ ಈ ಸಲ ಅಕ್ಕನೇ ಕೇಳಿ ತಿಳ್ಕೊಂಡು ಬಂದು ನನಗೆ ಫೋನಲ್ಲಿ ಹೇಳಿದ್ಲು.

ಇಂತಿ,
ಕಣ್ಣಿನ ಆಸ್ಪತ್ರೆಯ ನಿವೃತ್ತ ಥಿಯೇಟರ್ ನರ್ಸ್